‘ಕ’ ಬಂದರೆ ಯಾವ ಹಾಡು, ‘ರು’ ಬಂದರೆ ಯಾವ ಹಾಡು: ಜಪಾನೀ ಕರೋಕೆಯ ಅಕ್ಷರದಾಟಕ್ಕೆ ತಯಾರಿ

ಪ್ರಶ್ನೆ: ನಾನು ಹಾಸನದವನು, ಈಗ ಟೋಕಿಯೋದಲ್ಲಿ ಸಾಫ್ಟ್‌ವೇರ್ ಕೆಲಸ. ಆಫೀಸಿನವರ ಜೊತೆ ಕರೋಕೆಗೆ ಹೋದಾಗಲೆಲ್ಲ ಒಂದು ಆಟ ಆಡುತ್ತಾರೆ. ಯಾರಿಗೆ ಯಾವ ಅಕ್ಷರ ಬರುತ್ತದೋ ಆ ಅಕ್ಷರದಿಂದ ಶುರುವಾಗುವ ಹೆಸರಿನ ಜಪಾನೀ ಹಾಡನ್ನೇ ಹಾಡಬೇಕು. ನನಗೆ ಜಪಾನೀ ಅಕ್ಷರಮಾಲೆಗಳಾದ ಹಿರಗನ, ಕತಕನ ಓದಲು ಬರುತ್ತದೆ. ಚೀನಾ ಮೂಲದ ಚಿಹ್ನೆಗಳಾದ ಕಂಜಿ ಅಷ್ಟಕ್ಕಷ್ಟೆ. ನನ್ನದು ತಗ್ಗಿನ ದನಿ, ಸಂಗೀತ ಕಲಿತಿಲ್ಲ. ಯಾವ ಅಕ್ಷರಕ್ಕೆ ಯಾವ ಹಾಡು ಕಲಿತಿಟ್ಟುಕೊಳ್ಳಲಿ? ಕೆಲವು ಅಕ್ಷರಕ್ಕೆ ಹಾಡೇ ಸಿಗುವುದಿಲ್ಲ, ಆಗ ಏನು ಮಾಡಲಿ? ಪರದೆಯ ಮೇಲೆ ಕಂಜಿ ಬಂದರೆ ಹೇಗೆ?

ಉತ್ತರ: ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಜಪಾನೀ ಮೂಲ ಅಕ್ಷರಗಳು 46 ಇವೆ ಎಂದು 46 ಹಾಡು ಕಲಿಯಲು ಹೋಗಬೇಡಿ. ಅಕ್ಷರಕ್ಕೊಂದು ಹಾಡು ಬೇಡ, ಸಾಲಿಗೊಂದು ಹಾಡು ಸಾಕು. ಹತ್ತು ಸಾಲಿಗೆ ಹತ್ತು ಹಾಡು ಗಟ್ಟಿಯಾಗಿ ಬರಲಿ. ಆಮೇಲೆ ಆಟದಲ್ಲಿ ನಿಜವಾಗಿ ತೊಂದರೆ ಕೊಡುವ ನಾಲ್ಕೈದು ಅಕ್ಷರಗಳಿಗೆ ಮಾತ್ರ ಬೇರೆ ಹಾಡು ಸೇರಿಸಿ. ಆಯ್ಕೆ ಮಾಡುವಾಗ ಮೂರು ವಿಷಯ ನೋಡಿ. ಕರೋಕೆ ಕೋಣೆಯಲ್ಲಿ ಕೂತವರಿಗೆ ಹಾಡು ಗೊತ್ತಿರಬೇಕು. ಮಾತುಗಳು ನಿಧಾನಕ್ಕೆ ಬರಬೇಕು. ದನಿ ಬಹಳ ಮೇಲಕ್ಕೂ ಬಹಳ ಕೆಳಕ್ಕೂ ಓಡಬಾರದು. ಈ ವರ್ಷದ ದೊಡ್ಡ ಹಿಟ್ ಹಾಡು ಈ ಮೂರರಲ್ಲಿ ಎರಡನ್ನಾದರೂ ತಪ್ಪಿಸುತ್ತದೆ. ಅದಕ್ಕೇ ನನ್ನ ಪಟ್ಟಿಯಲ್ಲಿ ಹಳೆಯ ಹಾಡುಗಳು ಜಾಸ್ತಿ.

ಸಾಲು ಎಂದೆನಲ್ಲ, ಅದು ಕನ್ನಡಿಗರಿಗೆ ಬಹಳ ಸುಲಭ. ಜಪಾನೀ ಅಕ್ಷರಮಾಲೆಯ ಕ್ರಮ ಹೀಗಿದೆ: ಅ ಇ ಉ ಎ ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಸಂಸ್ಕೃತದ ಮಂತ್ರಗಳನ್ನು ಸಿದ್ಧಂ ಲಿಪಿಯಲ್ಲಿ ಓದಲು ಕಲಿತ ಬೌದ್ಧ ಭಿಕ್ಷುಗಳು ಸುಮಾರು ಸಾವಿರ ವರ್ಷದ ಹಿಂದೆ ತಮ್ಮ ಭಾಷೆಯ ಸದ್ದುಗಳನ್ನು ಅದೇ ಕ್ರಮಕ್ಕೆ ಹೊಂದಿಸಿದರು. ಆಗ ಇವತ್ತಿನ ‘ಸ’ದ ಸದ್ದು ‘ಚ’ಕ್ಕೆ ಹತ್ತಿರವಿತ್ತು, ‘ಹ’ದ ಸದ್ದು ‘ಪ’ಕ್ಕೆ ಹತ್ತಿರವಿತ್ತು. ಹಾಗೆ ಇಟ್ಟು ಓದಿ: ಕ, ಚ, ತ, ನ, ಪ, ಮ, ಯ, ರ, ವ. ನಮ್ಮ ಒಂದನೇ ಕ್ಲಾಸಿನ ಪಾಠವೇ. ಕ್ರಮ ನಿಮಗೆ ಬಾಯಿಪಾಠ ಇರುವುದರಿಂದ ಹಾಡು ಹುಡುಕುವುದರಲ್ಲಿ ಬೇರೆ ವಿದೇಶಿಯರಿಗಿಂತ ನೀವು ಮುಂದಿದ್ದೀರಿ.

ಹುಡುಕುವ ಬಗೆಯನ್ನೂ ತಿಳಿದುಕೊಳ್ಳಿ. 1971ರಲ್ಲಿ ಕೋಬೆ ನಗರದ ಇನೊವುಎ ದೈಸುಕೆ ಎಂಬ ವಾದ್ಯಗಾರರು ದುಡ್ಡು ಹಾಕಿದರೆ ಹಿನ್ನೆಲೆ ಸಂಗೀತ ನುಡಿಸುವ ಯಂತ್ರವನ್ನು ಬಾರ್‌ಗಳಿಗೆ ಬಾಡಿಗೆಗೆ ಕೊಟ್ಟರು. ಅದಕ್ಕೆ ಅವರು ಪೇಟೆಂಟ್ ಮಾಡಿಸಲಿಲ್ಲ. ಆಗಿನ ಯಂತ್ರದಲ್ಲಿ ಟೇಪಿನಲ್ಲಿ ಇದ್ದಷ್ಟೇ ಹಾಡು. 1992ರ ಹೊತ್ತಿಗೆ ಫೋನ್ ಲೈನ್ ಮೂಲಕ ಹಾಡು ಇಳಿಸಿಕೊಳ್ಳುವ ಯಂತ್ರಗಳು ಬಂದವು, ಹಾಡುಗಳ ಸಂಖ್ಯೆ ಒಮ್ಮೆಲೇ ಬೆಳೆಯಿತು. ಆಗ ಪ್ರತಿ ಕೋಣೆಯಲ್ಲೂ ಟೆಲಿಫೋನ್ ಡೈರೆಕ್ಟರಿಯಷ್ಟು ದಪ್ಪದ ಪುಸ್ತಕ ಇರುತ್ತಿತ್ತು. ಹಾಡಿನ ಹೆಸರಿನ ಅಕ್ಷರಕ್ರಮದಲ್ಲಿ ಒಂದು, ಹಾಡಿದವರ ಹೆಸರಿನ ಅಕ್ಷರಕ್ರಮದಲ್ಲಿ ಇನ್ನೊಂದು. ಅಕ್ಷರದಾಟಕ್ಕೆ ಆ ಪುಸ್ತಕಗಳು ಹೇಳಿ ಮಾಡಿಸಿದಂತಿದ್ದವು. ಈಗ ಆ ಜಾಗಕ್ಕೆ ಟಚ್ ಸ್ಕ್ರೀನಿನ ಹಲಗೆ ಬಂದಿದೆ. ಡ್ಯಾಮ್ ಎಂಬ ಬ್ರ್ಯಾಂಡಿನ ಯಂತ್ರವಿರುವ ಕಡೆ ಅದನ್ನು ದೆನ್ಮೊಕು ಎನ್ನುತ್ತಾರೆ, ಜಾಯ್‌ಸೌಂಡ್ ಬ್ರ್ಯಾಂಡಿನದು ಇರುವ ಕಡೆ ಕ್ಯೊಕುನವಿ. ಎರಡರಲ್ಲೂ ಹಾಡಿನ ಹೆಸರಿನ ಮೊದಲ ಒಂದೆರಡು ಅಕ್ಷರ ಒತ್ತಿದರೆ ಪಟ್ಟಿ ಬರುತ್ತದೆ.

ಇಲ್ಲಿ ನಮ್ಮವರು ಎಡವುವ ಒಂದು ಜಾಗ ಇದೆ. ನಮ್ಮ ಅಂತ್ಯಾಕ್ಷರಿಯಲ್ಲಿ ಲೆಕ್ಕಕ್ಕೆ ಬರುವುದು ಪಲ್ಲವಿಯ ಮೊದಲ ಅಕ್ಷರ. ನಮ್ಮ ಸಿನಿಮಾ ಹಾಡಿಗೆ ಮೊದಲ ಸಾಲೇ ಹೆಸರು, ಹಾಗಾಗಿ ಎರಡೂ ಒಂದೇ ಎಂದು ಅಂದುಕೊಳ್ಳುತ್ತೇವೆ. ಜಪಾನಿನಲ್ಲಿ ಹಾಡಿಗೆ ಬೇರೆಯೇ ಹೆಸರು ಇರುತ್ತದೆ. ಆ ಪದ ಹಾಡಿನ ನಡುವೆ ಎಲ್ಲೋ ಬರಬಹುದು, ಬರದೆಯೂ ಇರಬಹುದು. ಆದ್ದರಿಂದ ಹಾಡು ಕಲಿಯುವಾಗ ಅದರ ಹೆಸರನ್ನು ಹಿರಗನದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿ. ರಾಗ ಗೊತ್ತಿದ್ದು ಹೆಸರು ಗೊತ್ತಿಲ್ಲದಿದ್ದರೆ ಈ ಆಟದಲ್ಲಿ ಆ ಹಾಡು ನಿಮ್ಮ ಕೈಗೆ ಸಿಗುವುದಿಲ್ಲ.

ಇನ್ನೊಂದು ಗುಟ್ಟು. ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಇದ್ದರೂ ಅದನ್ನು ಜಪಾನೀ ಬಾಯಲ್ಲಿ ಓದಿದ ಸದ್ದಿಗೇ ಸೇರಿಸುತ್ತಾರೆ. ‘ಲೆಮನ್’ ‘ರೆ’ಗೆ ಸೇರುತ್ತದೆ, ‘ಲವ್’ ‘ರ’ಕ್ಕೆ, ‘ಫಸ್ಟ್ ಲವ್’ ‘ಫು’ಗೆ, ‘ಪ್ರಿಟೆಂಡರ್’ ‘ಪು’ಗೆ. ಪ್ರಿನ್ಸೆಸ್ ಪ್ರಿನ್ಸೆಸ್ ತಂಡಕ್ಕೆ ‘ಎಂ’ ಎಂಬ ಒಂದೇ ಅಕ್ಷರದ ಹೆಸರಿನ ಹಾಡಿದೆ. ಅದು ‘ಮ’ ಸಾಲಿನದಲ್ಲ, ‘ಎ’ಗೆ ಸೇರಿದ್ದು. ಜಪಾನೀ ಸಾಲಿನಲ್ಲಿ ಶಿ ಇರುವುದು ಸ ಜೊತೆಗೆ, ಚಿ ಮತ್ತು ತ್ಸು ಇರುವುದು ತ ಜೊತೆಗೆ, ಫು ಇರುವುದು ಹ ಜೊತೆಗೆ. ಗ ಎಂದರೆ ಎರಡು ಗೀಟು ಹಾಕಿದ ಕ. ದ ಎಂದರೆ ಗೀಟು ಹಾಕಿದ ತ. ಬ, ಪ ಎರಡೂ ಹ ಮನೆಯವು. ‘ಕ’ ಬಂದವರು ‘ಗ’ ಹಾಡಬಹುದೋ ಇಲ್ಲವೋ ಎಂಬುದನ್ನು ಕೋಣೆಗೆ ಹೋದ ತಕ್ಷಣ ಕೇಳಿಕೊಳ್ಳಿ. ಸಾಮಾನ್ಯವಾಗಿ ಒಪ್ಪುತ್ತಾರೆ.

ಈಗ ಹಾಡುಗಳಿಗೆ ಬರೋಣ.

‘ಅ’ ಸಾಲಿಗೆ ನನ್ನ ಮೊದಲ ಆಯ್ಕೆ ‘ಉಎ ಒ ಮುಯಿತೆ ಅರುಕೋ’. ಸಕಮೊತೊ ಕ್ಯೂ 1961ರಲ್ಲಿ ಹಾಡಿದ್ದು. ಬರೆದವರು ಎಯಿ ರೊಕುಸುಕೆ, ರಾಗ ಹಾಕಿದವರು ನಕಮುರ ಹಚಿದೈ. 1963ರಲ್ಲಿ ‘ಸುಕಿಯಾಕಿ’ ಎಂಬ ಹೆಸರಿನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೂರು ವಾರ ಮೊದಲ ಸ್ಥಾನದಲ್ಲಿತ್ತು. ಕೋಣೆಯಲ್ಲಿ 22ರವರಿರಲಿ, 62ರವರಿರಲಿ, ಈ ಹಾಡು ಗೊತ್ತಿಲ್ಲದವರು ಇರುವುದಿಲ್ಲ. ಸಿಳ್ಳೆಯ ಭಾಗ ಬಂದಾಗ ಎಲ್ಲರೂ ಸೇರಿಕೊಳ್ಳುತ್ತಾರೆ. ಹಾಡಿನ ಹೆಚ್ಚಿನ ಭಾಗ ಐದೇ ಸ್ವರದಲ್ಲಿ ಓಡುತ್ತದೆ: ಸ ರಿ ಗ ಪ ದ. ಅಂದರೆ ನಮ್ಮ ಮೋಹನದ ಸ್ವರಗಳು. ಮಧ್ಯಮ, ನಿಷಾದ ಬಿಟ್ಟ ಈ ಕಟ್ಟನ್ನು ಜಪಾನಿನವರು ಯೊನನುಕಿ ಎನ್ನುತ್ತಾರೆ. ಹಳೆಯ ಜಪಾನೀ ಜನಪ್ರಿಯ ಹಾಡುಗಳಲ್ಲಿ ಇದು ತುಂಬಾ ಇದೆ. ಸಂಗೀತ ಕಲಿಯದಿದ್ದರೂ ಸಿನಿಮಾ ಹಾಡು, ಭಾವಗೀತೆ ಕೇಳಿ ಬೆಳೆದ ನಿಮ್ಮ ಕಿವಿಗೆ ಆ ಸ್ವರಗಳ ನಡಿಗೆ ಗೊತ್ತು. ಎರಡು ಸಲ ಕೇಳಿದರೆ ಬಾಯಿಗೆ ಕೂರುತ್ತದೆ. ಅಪ್ಪಟ ಪಾಪ್ ಹಾಡಿಗಿಂತ ಮೊದಲು ಇಂಥವನ್ನು ಕಲಿಯಿರಿ ಎಂದು ನಾನು ಹೇಳುವುದು ಇದಕ್ಕೇ.

ಇದೇ ಸಾಲಿನ ಬೇರೆ ಅಕ್ಷರ ಬಂದರೆ: ‘ಅ’ಗೆ ಸಕಮೊತೊ ಅವರದೇ ‘ಅಶಿತ ಗ ಅರು ಸ’, 1963ರದ್ದು, ಲವಲವಿಕೆಯ ಹಾಡು. ‘ಇ’ಗೆ ನಕಜಿಮ ಮಿಯುಕಿ ಅವರ ‘ಇತೊ’. ನಿಧಾನ, ತಗ್ಗು, ಮದುವೆಗಳಲ್ಲಿ ಹಾಡುವಂಥದ್ದು. ನಿಮ್ಮ ದನಿಗೆ ಇದು ಬಹಳ ಚೆನ್ನಾಗಿ ಒಪ್ಪುತ್ತದೆ. ‘ಎ’ಗೆ ಯುಜು ಜೋಡಿಯ ‘ಎಯ್ಕೋ ನೊ ಕಕೆಹಶಿ’ ಇದೆ. 2004ರ ಅಥೆನ್ಸ್ ಒಲಿಂಪಿಕ್ಸ್ ಸಮಯದಲ್ಲಿ ಜಪಾನಿನ ಸಾರ್ವಜನಿಕ ಟಿವಿ ಸಂಸ್ಥೆ ಎನ್‌ಎಚ್‌ಕೆ ಬಳಸಿದ ಹಾಡು. ಕೊನೆಯಲ್ಲಿ ಮೇಲಕ್ಕೆ ಹೋಗುತ್ತದೆ, ಆದರೆ ಅಷ್ಟು ಹೊತ್ತಿಗೆ ಇಡೀ ಕೋಣೆಯೇ ಹಾಡುತ್ತಿರುತ್ತದೆ. ‘ಒ’ಗೆ ಕೈಎಂತೈ ತಂಡದ ‘ಒಕುರು ಕೊತೊಬ’, 1979ರದ್ದು. ಶಾಲೆಯ ಬೀಳ್ಕೊಡುಗೆಗೆ ಹಾಡುತ್ತಾರೆ. ಆಫೀಸಿನಲ್ಲಿ ಯಾರಾದರೂ ವರ್ಗವಾಗಿ ಹೋಗುತ್ತಿದ್ದರೆ ಇದಕ್ಕಿಂತ ಒಳ್ಳೆಯದಿಲ್ಲ.

‘ಕ’ ಸಾಲಿನಲ್ಲಿ ಹಾಡು ಬೇಕಾದಷ್ಟಿವೆ, ಆರಿಸುವುದೇ ಕಷ್ಟ. ನಾನು ಹೇಳುವುದು ‘ಕಿತಗುನಿ ನೊ ಹರು’. ಸೆನ್ ಮಸಾಒ 1977ರಲ್ಲಿ ಹಾಡಿದ್ದು. ಉತ್ತರದ ಹಳ್ಳಿಯಿಂದ ಪಟ್ಟಣಕ್ಕೆ ಬಂದವನು. ಊರಿಂದ ಅಮ್ಮ ಕಳಿಸಿದ ಸಣ್ಣ ಗಂಟು ಕೈಗೆ ಬರುತ್ತದೆ. ಊರಲ್ಲಿ ಈಗ ವಸಂತ ಬಂದಿರಬೇಕು, ಹೋಗಿಬರೋಣವೇ ಎಂದು ಅವನ ಮನಸ್ಸು ಎಳೆಯುತ್ತದೆ. ಹಾಸನ ಬಿಟ್ಟು ಟೋಕಿಯೋದಲ್ಲಿ ಕೂತ ನಿಮಗೆ ಇದರ ಭಾವ ಬಿಡಿಸಿ ಹೇಳಬೇಕಿಲ್ಲ. ಇದೂ ಐದು ಸ್ವರದ ಯೊನನುಕಿಯೇ. ಸಾಲುಗಳು ಚಿಕ್ಕವು, ಮಾತಿಗೂ ಮಾತಿಗೂ ನಡುವೆ ಉಸಿರಿಗೆ ಜಾಗವಿದೆ. ಚೀನಾ, ತೈವಾನ್‌ಗಳಲ್ಲೂ ಇದರ ರಾಗಕ್ಕೆ ಅಲ್ಲಿನ ಮಾತು ಹಾಕಿ ಹಾಡಿದ್ದಾರೆ. ತಂಡದಲ್ಲಿ ಅಲ್ಲಿಯವರಿದ್ದರೆ ಅವರೂ ದನಿಗೂಡಿಸುತ್ತಾರೆ. ಒಂದೇ ಹಾಡು ಕಲಿಯುತ್ತೇನೆ ಎಂದರೆ ಇದನ್ನೇ ಕಲಿಯಿರಿ ಎನ್ನುತ್ತೇನೆ.

‘ಕ’ಕ್ಕೇ ಬೇಕೆಂದರೆ ನಗಬುಚಿ ತ್ಸುಯೊಶಿ ಅವರ ‘ಕಂಪೈ’ ಇದೆ, 1980ರದ್ದು. ಮಿಸೊರ ಹಿಬರಿ ಅವರ ‘ಕವ ನೊ ನಗರೆ ನೊ ಯೋ ನಿ’ ಕೂಡ ಇದೆ. ಅದು 1989ರ ಜನವರಿಯಲ್ಲಿ ಬಂತು. ಅದೇ ವರ್ಷದ ಜೂನ್‌ನಲ್ಲಿ ಅವರು ತೀರಿಕೊಂಡರು. ಜಪಾನಿಗೆ ಹಿಬರಿ ಎಂದರೆ ನಮಗೆ ರಾಜ್‌ಕುಮಾರ್ ಇದ್ದಂತೆ. ಹಾಗಾಗಿ ಆ ಹಾಡನ್ನು ಪೂರ್ತಿ ಕಲಿತೇ ಹಾಡಬೇಕು, ಅರೆಬರೆ ಹಾಡಬಾರದು. ‘ಕು’ಗೆ ಯಮಶಿತ ತತ್ಸುರೋ ಅವರ ‘ಕುರಿಸುಮಸು ಇಬು’, ಅಂದರೆ ‘ಕ್ರಿಸ್‌ಮಸ್ ಈವ್’, 1983ರದ್ದು. ಡಿಸೆಂಬರಿನಲ್ಲಿ ಮಾತ್ರ ಹಾಡಿದರೆ ಚೆಂದ. ‘ಕೆ’ ನಿಜಕ್ಕೂ ಕಷ್ಟದ ಅಕ್ಷರ. ಡ್ರೀಮ್ಸ್ ಕಮ್ ಟ್ರೂ ತಂಡದ ‘ಕೆಸ್ಸೆನ್ ವ ಕಿನ್ಯೋಬಿ’ ಇದೆ, 1992ರದ್ದು. ಆದರೆ ಅದು ಚುರುಕಾಗಿ ಓಡುವ ಹಾಡು. ‘ಕೊ’ಗೆ ಹೊಶಿನೊ ಗೆನ್ ಅವರ ‘ಕೊಯಿ’, 2016ರದ್ದು. ಹಾಡಿನ ಜೊತೆ ಕುಣಿತವೂ ಇದೆ. ಅದು ಗೊತ್ತಿರುವವರು ಎದ್ದು ಕುಣಿಯುತ್ತಾರೆ, ನಿಮ್ಮ ದನಿಯ ಮೇಲೆ ಯಾರ ಗಮನವೂ ಇರುವುದಿಲ್ಲ.

‘ಸ’ ಸಾಲಿಗೆ ಕಣ್ಣುಮುಚ್ಚಿ ‘ಸೆಕೈ ನಿ ಹಿತೊತ್ಸು ದಕೆ ನೊ ಹನ’ ಆರಿಸಿಕೊಳ್ಳಿ. ಮಕಿಹರ ನೊರಿಯುಕಿ ಬರೆದದ್ದು, 2003ರಲ್ಲಿ ಸ್ಮ್ಯಾಪ್ ತಂಡದ ಸಿಂಗಲ್ ಆಗಿ ಬಂತು. ಐದು ಜನ ಒಟ್ಟಿಗೆ ಹಾಡಲೆಂದು ಮಾಡಿದ್ದರಿಂದ ದನಿ ಬಹಳ ಏರಿಳಿಯುವುದಿಲ್ಲ. ಶಾಲೆಯಲ್ಲಿ ಹಾಡಿದವರೇ ಎಲ್ಲ.

‘ಶಿ’ ಬಂದರೆ ಮಾತ್ರ ದಯವಿಟ್ಟು ‘ಶಿಮ ಉತ’ ಹಾಡಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ದಿ ಬೂಮ್ ತಂಡದ ಮಿಯಜವ ಕಜುಫುಮಿ ಬರೆದದ್ದು, 1990ರ ದಶಕದ ಶುರುವಿನಲ್ಲಿ ಬಂತು. ಅವರು ಜಪಾನಿನ ದಕ್ಷಿಣ ತುದಿಯ ಓಕಿನಾವಾ ದ್ವೀಪದವರಲ್ಲ, ಯಮನಶಿ ಪ್ರಾಂತದವರು. 1945ರ ಓಕಿನಾವಾ ಯುದ್ಧದಲ್ಲಿ ಸತ್ತ ಸಾಮಾನ್ಯ ಜನರ ಕಥೆ ಕೇಳಿ ಕಲಕಿಹೋಗಿ ಬರೆದರು. ಮೇಲೆ ನೋಡಿದರೆ ಅಗಲಿದ ಇಬ್ಬರ ಪ್ರೇಮದ ಹಾಡು, ಒಳಗಿರುವುದು ಆ ಸಾವುಗಳ ನೋವು. ಮೊದಲ ಭಾಗ ಓಕಿನಾವಾದ ಸ್ವರಕಟ್ಟಿನಲ್ಲಿದೆ: ಸ ಗ ಮ ಪ ನಿ. ನಮ್ಮ ಗಂಭೀರನಾಟದಲ್ಲಿ ಇರುವುದೂ ಇವೇ ಸ್ವರಗಳು. ಜಪಾನಿನ ಮುಖ್ಯ ದ್ವೀಪದವರಿಗೇ ಸ್ವಲ್ಪ ಹೊಸದಾಗಿ ಕೇಳುವ ಈ ಸ್ವರಗಳು ನಿಮಗೆ ನಾದಸ್ವರದಲ್ಲಿ ಕೇಳಿ ಗೊತ್ತಿರುತ್ತವೆ. ದನಿ ಎತ್ತರಕ್ಕೆ ಹೋಗುತ್ತದೆ ನಿಜ, ಶ್ರುತಿ ಇಳಿಸಿಕೊಳ್ಳಿ. ಭಾರತದವರ ಬಾಯಲ್ಲಿ ಈ ಹಾಡು ವಿಶೇಷವಾಗಿ ಚೆನ್ನಾಗಿ ಬರುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

‘ಸ’ಗೆ ಫುಕುಯಾಮ ಮಸಹರು ಅವರ ‘ಸಕುರಜಕ’, 2000ದ್ದು, ತಗ್ಗಿನ ಗಂಡು ದನಿಗೆ ಹೇಳಿದ್ದು. ‘ಸು’ಗೆ ತನಿಮುರ ಶಿಂಜಿ ಅವರ ‘ಸುಬರು’, 1980ರದ್ದು. ಆದರೆ ಹಿರಿಯ ಮ್ಯಾನೇಜರ್‌ಗಳಲ್ಲಿ ಯಾರಾದರೊಬ್ಬರ ಒಹಾಕೊ, ಅಂದರೆ ಅವರದೇ ಎಂದು ಎಲ್ಲರೂ ಒಪ್ಪಿಕೊಂಡ ಹಾಡು, ಇದಾಗಿರುವ ಸಾಧ್ಯತೆ ಜಾಸ್ತಿ. ಇನ್ನೊಬ್ಬರ ಒಹಾಕೊವನ್ನು ಅವರಿಗಿಂತ ಮೊದಲು ಹಾಡುವುದು ಒಳ್ಳೆಯ ನಡತೆಯಲ್ಲ. ಪಕ್ಕದವರನ್ನು ಕೇಳಿಕೊಂಡು ಮುಂದುವರಿಯಿರಿ. ‘ಜ’ ಕೂಡ ನಡೆಯುತ್ತದೆ ಎಂದರೆ ‘ಜನ್ಕೊಕು ನ ತೆನ್ಶಿ ನೊ ತೇಜೆ’ ಇದೆ. 1995ರ ‘ಇವಾಂಗೆಲಿಯನ್’ ಎಂಬ ಅನಿಮೆಯ, ಅಂದರೆ ಜಪಾನೀ ಕಾರ್ಟೂನ್ ಸರಣಿಯ, ಶುರುವಿನ ಹಾಡು, ತಕಹಶಿ ಯೋಕೊ ಹಾಡಿದ್ದು. ಇಷ್ಟು ವರ್ಷವಾದರೂ ಕರೋಕೆಯಲ್ಲಿ ಇದರ ಬೇಡಿಕೆ ಇಳಿದಿಲ್ಲ. ಅನಿಮೆ ನೋಡಿ ಬೆಳೆದವರಾದರೆ ಕಲಿಯಿರಿ, ಇಲ್ಲದಿದ್ದರೆ ಆ ವೇಗಕ್ಕೆ ನಾಲಿಗೆ ತಿರುಗುವುದು ಕಷ್ಟ.

‘ತ’ ಸಾಲಿನಲ್ಲಿ ಎಂಕ, ಅಂದರೆ ಹಳೆಯ ಧಾಟಿಯ ಜಪಾನೀ ಭಾವುಕ ಹಾಡು, ಒಂದನ್ನು ಇಟ್ಟುಕೊಳ್ಳಿ. ಇಶಿಕವ ಸಯುರಿ ಅವರ ‘ತ್ಸುಗರು ಕೈಕ್ಯೋ ಫುಯುಗೆಶಿಕಿ’, 1977ರದ್ದು. ಟೋಕಿಯೋದ ಉಎನೊ ಸ್ಟೇಷನ್ನಿನಿಂದ ರಾತ್ರಿ ರೈಲು ಹತ್ತಿದ ಹೆಂಗಸು ಹಿಮ ಬೀಳುವ ಅಒಮೊರಿಯಲ್ಲಿ ಇಳಿದು, ಮಾತಿಲ್ಲದ ಜನರ ನಡುವೆ ಉತ್ತರದ ಹೊಕ್ಕೈದೊ ದ್ವೀಪಕ್ಕೆ ಹೋಗುವ ಹಡಗು ಹತ್ತುತ್ತಾಳೆ. ಆಗಿನ್ನೂ ಸಮುದ್ರದ ಕೆಳಗಿನ ಸುರಂಗದಲ್ಲಿ ರೈಲು ಓಡುತ್ತಿರಲಿಲ್ಲ, ಅದು ಶುರುವಾಗಿದ್ದು 1988ರಲ್ಲಿ. ಎಂಕದಲ್ಲಿ ಸ್ವರವನ್ನು ಅಲುಗಾಡಿಸುವ ಕೊಬುಶಿ ಎಂಬ ಬಗೆ ಇದೆ. ಗಮಕ ಕೇಳಿದ ಕಿವಿಗೆ ಅದು ಪರಕೀಯವಲ್ಲ. ಆದರೆ ಎಲ್ಲ ಕಡೆ ಅಲುಗಾಡಿಸಬೇಡಿ, ಮೂಲ ಹಾಡಿನಲ್ಲಿ ಎಲ್ಲಿದೆಯೋ ಅಲ್ಲಿ ಮಾತ್ರ. ‘ಚಿ’ಗೆ ಓಕಿನಾವಾದ ಮಂಗೋಲ್ 800 ತಂಡದ ‘ಚೀಸನ ಕೊಯಿ ನೊ ಉತ’, 2001ರದ್ದು. ನಿಮ್ಮ ವಯಸ್ಸಿನ ಸಹೋದ್ಯೋಗಿಗಳೆಲ್ಲ ಎದ್ದು ನಿಂತು ಕೂಗುತ್ತಾರೆ. ‘ತೊ’ಗೆ ‘ತೊನರಿ ನೊ ತೊತೊರೊ’ ಸಾಕು. ‘ತ್ಸು’ಗೆ ಸದರ್ನ್ ಆಲ್ ಸ್ಟಾರ್ಸ್ ತಂಡದ ‘ತ್ಸುನಮಿ’ ಕೂಡ ಬಹಳ ಹೆಸರಾದ ಹಾಡು, 2000ದಲ್ಲಿ ಬಂದದ್ದು, ಪ್ರೇಮಗೀತೆ. ಆದರೆ 2011ರ ಮಾರ್ಚ್ 11ರ ಸುನಾಮಿಯ ನಂತರ ಆ ಹೆಸರು ಕೇಳಿದರೆ ಎದೆ ಹಿಂಡುವವರು ಇದ್ದಾರೆ. ಯಾರ ಮನೆಯವರು ಸುನಾಮಿ ಬಡಿದ ತೊಹೊಕು ಕಡೆಯವರೋ ನಿಮಗೆ ಗೊತ್ತಿರುವುದಿಲ್ಲ. ನೀವಾಗಿ ಅದನ್ನು ಆರಿಸಬೇಡಿ.

‘ನ’ ಸಾಲಿಗೆ ‘ನದ ಸೋಸೋ’. ಮೊರಿಯಮ ರ್ಯೋಕೊ ತೀರಿಹೋದ ತಮ್ಮ ಅಣ್ಣನನ್ನು ನೆನೆದು ಬರೆದ ಮಾತುಗಳಿಗೆ ಓಕಿನಾವಾದ ಬಿಗಿನ್ ತಂಡ ರಾಗ ಹಾಕಿತು. 2001ರಲ್ಲಿ ನತ್ಸುಕವ ರಿಮಿ ಹಾಡಿದ ಮೇಲೆ ದೇಶವೆಲ್ಲ ಹರಡಿತು. ನಿಧಾನದ ಹಾಡು, ಕೂಗಬಾರದು. ‘ನೆ’ಗೆ ಡಿಶ್ ತಂಡದ ‘ನೆಕೊ’ ಇದೆ. ‘ನು’ ಬಂದರೆ ತಲೆ ಕೆಡಿಸಿಕೊಳ್ಳಬೇಡಿ, ಜಪಾನಿನವರಿಗೂ ಅದಕ್ಕೆ ಹಾಡು ಹೊಳೆಯುವುದು ಕಷ್ಟ. ಸುಮ್ನೆ ನಕ್ಕು, ‘ನ’ ಸಾಲಿನ ಬೇರೆ ಅಕ್ಷರಕ್ಕೆ ಹೋಗಲೇ ಎಂದು ಕೇಳಿ. ಬೇಡ ಎನ್ನುವವರನ್ನು ನಾನು ಕಂಡಿಲ್ಲ.

‘ಹ’ ಸಾಲಿಗೆ ‘ಹನಮಿಜುಕಿ’. ಹಿತೊತೊ ಯೋ ಅವರ 2004ರ ಹಾಡು. 2001ರ ಸೆಪ್ಟೆಂಬರ್ 11ರ ದಾಳಿಯ ಸುದ್ದಿ ನೋಡಿ ಬರೆದದ್ದು. ಆದರೆ ಅದರಲ್ಲಿ ಸಿಟ್ಟಿನ ಒಂದು ಮಾತೂ ಇಲ್ಲ. ತಾನು ಪ್ರೀತಿಸುವವರೂ ಅವರು ಪ್ರೀತಿಸುವವರೂ ಚೆನ್ನಾಗಿರಲಿ ಎಂಬ ಹಾರೈಕೆ ಅಷ್ಟೆ. ಹೆಣ್ಣು ದನಿಯ ಹಾಡು. ನಿಮಗಾದರೆ ಶ್ರುತಿಯನ್ನು ಹಾರ್ಮೋನಿಯಂನ ನಾಲ್ಕೈದು ಮನೆಯಷ್ಟು ಇಳಿಸಬೇಕು. ‘ಹಿ’ಗೆ ಹತ ಮೊತೊಹಿರೊ ಅವರ ‘ಹಿಮವರಿ ನೊ ಯಕುಸೊಕು’, 2014ರ ಡೊರೆಮಾನ್ ಸಿನಿಮಾದ ಹಾಡು. ‘ಫು’ಗೆ 1914ರ ಶಾಲಾ ಹಾಡು ‘ಫುರುಸಾತೊ’. ಮೂರೇ ಚರಣ, ಒಂದು ಗಂಟೆಯಲ್ಲಿ ಕಲಿಯಬಹುದು. ‘ಹೆ’ ಮತ್ತು ‘ಹೊ’ ಬಿಟ್ಟುಬಿಡಿ.

‘ಮ’ ಸಾಲಿನಲ್ಲಿ ನಿಮಗೆ ಅಯ್ಮ್ಯೋನ್ ಅವರ ‘ಮರೀಗೋರುದೊ’, 2018ರದ್ದು. ಹೆಣ್ಣಾದರೂ ತಗ್ಗಿನಲ್ಲಿ ಹಾಡುವವರು, ಆದ್ದರಿಂದ ಗಂಡಸರೂ ಈ ಹಾಡನ್ನು ಬಹಳ ಹಾಡುತ್ತಾರೆ. ಹೊಸ ಹಾಡುಗಳಲ್ಲಿ ಧೈರ್ಯವಾಗಿ ಸೂಚಿಸುವುದು ಇದೊಂದನ್ನೇ. ‘ಮೊ’ಗೆ ಓತ ಹಿರೊಮಿ ಅವರ ‘ಮೊಮೆನ್ ನೊ ಹಂಕಚೀಫು’, 1975ರದ್ದು. ಪಟ್ಟಣಕ್ಕೆ ಹೋದ ಹುಡುಗ, ಊರಲ್ಲಿ ಉಳಿದ ಹುಡುಗಿ, ಇಬ್ಬರ ಮಾತು ಒಂದಾದ ಮೇಲೊಂದು ಬರುತ್ತದೆ. ಸಹೋದ್ಯೋಗಿಯೊಬ್ಬರ ಜೊತೆ ಹಂಚಿಕೊಂಡು ಹಾಡಿದರೆ ನಿಮ್ಮ ಹೊರೆ ಅರ್ಧವಾಗುತ್ತದೆ. ‘ಮು’ಗೆ ಸೇಲರ್ ಮೂನ್‌ನ ‘ಮೂನ್‌ರೈತೊ ದೆನ್ಸೆತ್ಸು’, ‘ಮೆ’ಗೆ ಪೋಕೆಮಾನ್‌ನ ‘ಮೆಜಾಸೆ ಪೊಕೆಮೊನ್ ಮಸುತಾ’.

‘ಯ’ ಸಾಲಿನಲ್ಲಿ ಮೂರೇ ಅಕ್ಷರ. ‘ಯೊ’ಗೆ ಸ್ಮ್ಯಾಪ್ ತಂಡದ ‘ಯೊಜೊರ ನೊ ಮುಕೋ’, 1998ರದ್ದು, ತಗ್ಗಿನ ದನಿಗೆ ಹಿತ. ‘ಯ’ಗೆ ಸಾಯ್ಜೋ ಹಿದೆಕಿ ಅವರ ‘ಯಂಗ್ ಮ್ಯಾನ್’, 1979ರದ್ದು, ಕೈ ಎತ್ತಿ ಇಂಗ್ಲಿಷ್ ಅಕ್ಷರ ತೋರಿಸುವ ಹಾಡು. ‘ಯೊರು ನಿ ಕಕೆರು’ ಎಂಬ ಯೊಅಸೊಬಿ ಹಾಡನ್ನು ನೀವು ಕೇಳಿರುತ್ತೀರಿ, ಇಷ್ಟವೂ ಆಗಿರುತ್ತದೆ. ಆಫೀಸಿನವರ ಮುಂದೆ ಬೇಡ. ಉಸಿರಿಗೇ ಜಾಗ ಇಲ್ಲದಷ್ಟು ಮಾತುಗಳು ಅದರಲ್ಲಿವೆ. ಒಬ್ಬರೇ ಹೋಗಿ ಹಾಡುವ ಹಿತೊಕರಕ್ಕೆ ಇಟ್ಟುಕೊಳ್ಳಿ.

‘ರ’ ಸಾಲು ಈ ಆಟದ ನಿಜವಾದ ಪರೀಕ್ಷೆ. ಅಚ್ಚ ಜಪಾನೀ ಪದಗಳು ‘ರ’ದಿಂದ ಶುರುವಾಗುವುದೇ ಇಲ್ಲ. ಇರುವುದೆಲ್ಲ ಚೀನಾದಿಂದ, ಪಶ್ಚಿಮದಿಂದ ಬಂದ ಪದಗಳು. ಅದಕ್ಕೇ ಇಲ್ಲಿ ಪ್ರತಿ ಅಕ್ಷರಕ್ಕೂ ಒಂದೊಂದು ಹಾಡು ಬೇಕು. ‘ರ’ಗೆ ಮಾರ್ನಿಂಗ್ ಮುಸುಮೆ ತಂಡದ ‘ಲವ್ ಮಶೀನ್’, 1999ರದ್ದು. ‘ರಿ’ಗೆ ದಿ ಬ್ಲೂ ಹಾರ್ಟ್ಸ್ ತಂಡದ ‘ರಿಂದ ರಿಂದ’, 1987ರದ್ದು. ಶುರು ನಿಧಾನ, ಆಮೇಲೆ ಹೆಸರನ್ನೇ ಕೂಗಿದರೆ ಆಯಿತು. ನಾಚಿಕೆ ಬಿಟ್ಟು ಹಾಡಬೇಕು. ‘ರು’ಗೆ ಅರಯ್ ಯುಮಿ ಅವರ ‘ರೂಜು ನೊ ದೆಂಗೊನ್’. 1975ರ ಈ ಹಾಡು 1989ರಲ್ಲಿ ಘಿಬ್ಲಿ ಸ್ಟುಡಿಯೋದ ಪುಟ್ಟ ಮಾಟಗಾತಿಯ ಸಿನಿಮಾದಲ್ಲಿ ಬಂದ ಮೇಲೆ ಮಕ್ಕಳಿಗೂ ಗೊತ್ತು. ‘ರೆ’ಗೆ ಯೊನೆಜು ಕೆನ್ಶಿ ಅವರ ‘ಲೆಮನ್’, ‘ರೊ’ಗೆ ಸ್ಪಿಟ್ಸ್ ತಂಡದ ‘ರೊಬಿನ್ಸೊನ್’. ಕೊನೆಯ ಎರಡೂ ಗಂಡು ದನಿಗೆ ಎತ್ತರ. ಇಳಿಸಿಕೊಂಡು ಹಾಡಿ. ‘ವ’ ಸಾಲಿನಲ್ಲಿ ಆಟಕ್ಕೆ ಬರುವುದು ‘ವ’ ಒಂದೇ ಅಕ್ಷರ. ಅನ್ಜೆನ್ ಚಿತೈ ತಂಡದ ‘ವೈನ್‌ರೆದ್ದೊ ನೊ ಕೊಕೊರೊ’, 1983ರದ್ದು, ಸಾಕು.

ನಿಮ್ಮ ಆಫೀಸಿನವರು ಒಂದಲ್ಲ ಒಂದು ದಿನ ಆಟವನ್ನು ಶಿರಿತೊರಿ ಕಡೆಗೆ ತಿರುಗಿಸುತ್ತಾರೆ. ಹಿಂದಿನ ಹಾಡಿನ ಹೆಸರಿನ ಕೊನೆಯ ಅಕ್ಷರ ನಿಮಗೆ ಬರುತ್ತದೆ. ‘ನ್’ ಅಕ್ಷರದಲ್ಲಿ ಮುಗಿಯುವ ಹೆಸರು ಆರಿಸಿದವರು ಸೋತರು, ಯಾಕೆಂದರೆ ಅದರಿಂದ ಯಾವ ಜಪಾನೀ ಪದವೂ ಶುರುವಾಗುವುದಿಲ್ಲ. ಆಗ ಮೇಲಿನ ಪಟ್ಟಿಯೇ ಬೇರೆಯಾಗಿ ಕಾಣುತ್ತದೆ. ಯಾರೋ ‘ಹನಮಿಜುಕಿ’ ಹಾಡಿದರು, ನಿಮಗೆ ‘ಕಿ’. ನೀವು ‘ಕಿತಗುನಿ ನೊ ಹರು’ ಹಾಡಿದಿರಿ, ಪಕ್ಕದವರಿಗೆ ‘ರು’. ಅವರು ‘ರೂಜು ನೊ ದೆಂಗೊನ್’ ಎಂದರೆ ಅಲ್ಲಿಗೆ ಆಟ ಮುಗಿಯಿತು. ‘ರುಪನ್ ಸನ್ಸೆಯ್ ನೊ ತೇಮ’ (‘ಲುಪಿನ್’ ಎಂಬ ಕಳ್ಳನ ಅನಿಮೆಯ ಹಾಡು) ಎಂದರೆ ಮುಂದಿನವರಿಗೆ ‘ಮ’, ಅವರು ‘ಮರೀಗೋರುದೊ’ ಹಾಡಬಹುದು. ‘ಲೆಮನ್’, ‘ರೊಬಿನ್ಸೊನ್’ ಎರಡೂ ‘ನ್’ನಲ್ಲಿ ಮುಗಿಯುತ್ತವೆ ಎಂಬುದನ್ನು ನೆನಪಿಡಿ. ಜಪಾನೀ ಕ್ರಿಯಾಪದಗಳು ‘ರು’ನಲ್ಲಿ ಮುಗಿಯುವುದು ಜಾಸ್ತಿ, ಹಾಗಾಗಿ ನಿಮಗೆ ‘ರು’ ಪದೇ ಪದೇ ಬರುತ್ತದೆ. ಶಿರಿತೊರಿ ಆಡುವ ಮನೆಯಾದರೆ ಲುಪಿನ್ ಹಾಡನ್ನು ಕಲಿಯಲೇಬೇಕು.

ಶ್ರುತಿ ಬಗ್ಗೆ. ಹಲಗೆಯಲ್ಲಿ ಕೀ ಏರಿಸುವ, ಇಳಿಸುವ ಗುಂಡಿ ಇದೆ. ಒಂದು ಸಲ ಒತ್ತಿದರೆ ಹಾರ್ಮೋನಿಯಂನ ಒಂದು ಮನೆ ಸರಿಯುತ್ತದೆ. ಪ್ರತಿ ಹಾಡಿಗೂ ನಿಮಗೆ ಎಷ್ಟು ಮನೆ ಇಳಿಸಬೇಕು ಎಂಬುದನ್ನು ಒಬ್ಬರೇ ಹೋಗಿ ಪರೀಕ್ಷಿಸಿ, ಹಾಡಿನ ಹೆಸರಿನ ಪಕ್ಕ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಶ್ರುತಿ ಇಳಿಸಿ ಹಾಡುವುದನ್ನು ಅಲ್ಲಿ ಯಾರೂ ಕಡಿಮೆ ಎಂದು ನೋಡುವುದಿಲ್ಲ. ವಾರದ ದಿನಗಳಲ್ಲಿ ಮಧ್ಯಾಹ್ನ ಬಾಡಿಗೆ ಕಡಿಮೆ ಇರುತ್ತದೆ, ಅಭ್ಯಾಸಕ್ಕೆ ಆಗ ಹೋಗಿ.

ಉಚ್ಚಾರದಲ್ಲಿ ಕನ್ನಡ ನಿಮಗೆ ದೊಡ್ಡ ಆಸರೆ. ಜಪಾನಿಯಲ್ಲೂ ಹ್ರಸ್ವ, ದೀರ್ಘ ಬೇರೆ ಬೇರೆ. ಎ, ಏ, ಒ, ಓ ನಾಲ್ಕೂ ಇವೆ. ಒತ್ತಕ್ಷರವೂ ಇದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಕಲಿತರೆ ಇದೆಲ್ಲ ಕಳೆದುಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು, ನಾವು ಇಂಗ್ಲಿಷ್ ಓದುವ ಅಭ್ಯಾಸದಲ್ಲಿ ‘ತ’ವನ್ನು ‘ಟ’ ಎಂದೂ ‘ದ’ವನ್ನು ‘ಡ’ ಎಂದೂ ಹಾಡಿಬಿಡುತ್ತೇವೆ. ಜಪಾನಿಯಲ್ಲಿ ನಾಲಿಗೆ ಹಲ್ಲಿನ ಹತ್ತಿರವೇ ಇರಬೇಕು. ಕನ್ನಡ ಲಿಪಿಯಲ್ಲಿ ಬರೆದುಕೊಂಡು ಕಲಿಯಿರಿ, ಆ ತಪ್ಪು ಆಗುವುದಿಲ್ಲ. ಇನ್ನೊಂದು ವಿಷಯ: ನಡುವೆ ಬರುವ ‘ನ್’ ಅಕ್ಷರಕ್ಕೂ ಒಂದು ಪೂರ್ತಿ ಮಾತ್ರೆ ಇದೆ. ‘ಕಂಪೈ’ ಎಂಬುದು ಕ, ನ್, ಪ, ಇ ಎಂದು ನಾಲ್ಕು ಎಣಿಕೆ. ಮಾತಿನಲ್ಲಿ ‘ದೆಸ್’ ಎಂದು ನುಂಗುವ ‘ದೆಸು’ವನ್ನೂ ಹಾಡಿನಲ್ಲಿ ಸಾಮಾನ್ಯವಾಗಿ ಪೂರ್ತಿ ಹೇಳುತ್ತಾರೆ.

ಇನ್ನು ಕಂಜಿ. 1914ರ ‘ಫುರುಸಾತೊ’ದಿಂದ ನಿನ್ನೆಯ ಹಾಡಿನವರೆಗೆ ಪರದೆಯ ಮೇಲೆ ಕಂಜಿಯ ತಲೆಯ ಮೇಲೆ ಚಿಕ್ಕದಾಗಿ ಹಿರಗನದಲ್ಲಿ ಓದುವ ಬಗೆ ಬರೆದಿರುತ್ತದೆ. ಅದನ್ನು ಫುರಿಗನ ಎನ್ನುತ್ತಾರೆ. ನಿಮ್ಮ ಕಣ್ಣು ಆ ಸಣ್ಣ ಅಕ್ಷರದ ಮೇಲೆಯೇ ಇರಲಿ. ಕಂಜಿ ಗೊತ್ತಿದ್ದಾಗಲೂ ಅದನ್ನೇ ನಂಬಿ, ಏಕೆಂದರೆ ಹಾಡು ಬರೆಯುವವರು ಒಂದು ಕಂಜಿ ಬರೆದು ಬೇರೆಯೇ ಪದವಾಗಿ ಓದಿಸುವುದು ಅಪರೂಪವಲ್ಲ. ಬಣ್ಣ ಬದಲಾಗುವ ವೇಗಕ್ಕೆ ಹಿರಗನ ಓದಲು ಕಷ್ಟವಾಗುತ್ತಿದ್ದರೆ ಮನೆಯಲ್ಲಿ ಹಾಡು ಕೇಳುತ್ತಾ ಸಾಹಿತ್ಯದ ಮೇಲೆ ಬೆರಳಿಟ್ಟು ಓದಿ. ‘ಕಿತಗುನಿ ನೊ ಹರು’ ಮೊದಲು, ‘ಉಎ ಒ ಮುಯಿತೆ ಅರುಕೋ’ ಎರಡನೆಯದು, ‘ಸೆಕೈ ನಿ’ ಮೂರನೆಯದು. ಈ ಮೂರು ಬಂದ ಮೇಲೆ ‘ರ’ ಸಾಲಿಗೆ ಕೈ ಹಾಕಿ.